ಗಲ್ಫ್‌ನಿಂದ ಬಂದ ಹಳೆ ಸೀಕೋ ಡೈವರ್ ಕೊಳ್ಳುವ ಮೊದಲು

ಕಾಸರಗೋಡಿನವರಿಗೆ ಹಳೆ ಡೈವಿಂಗ್ ವಾಚ್ ಹುಡುಕಲು ದೂರ ಹೋಗಬೇಕಾಗಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಗಲ್ಫಿಗೆ ಹೋಗಿ ಬಂದವರ ಮನೆಗಳು ಬೇಕಾದಷ್ಟಿವೆ. ಯಾರದ್ದೋ ಮಾವ ಎಂಬತ್ತರ ದಶಕದಲ್ಲಿ ಕಟ್ಟಿಕೊಂಡು ಬಂದ ಸೀಕೋ ಕಪಾಟಿನ ಮೂಲೆಯಲ್ಲಿ ನಿಂತುಹೋಗಿರುತ್ತದೆ, ಒಂದು ದಿನ ಅದು ರಿಪೇರಿ ಅಂಗಡಿಗೆ ಬರುತ್ತದೆ, ಅಲ್ಲಿಂದ ನಮ್ಮ ಕೈಗೆ. ಈ ನಡುವೆ ಅದಕ್ಕೆ ಏನೇನು ಆಗಿದೆ ಅನ್ನೋದೇ ಪ್ರಶ್ನೆ.

ನಾನು ಮೊದಲು ಕೊಂಡದ್ದು ಸೀಕೋದ 6309 ಅನ್ನುವ ಡೈವಿಂಗ್ ವಾಚ್. ಫಳಫಳ ಹೊಳೆಯುತ್ತಿತ್ತು, ಅದಕ್ಕೇ ಮರುಳಾದೆ. ಆಮೇಲೆ ಬೇರೆ ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು ನಕ್ಕರು. ಕೇಸ್ ಮಾತ್ರ ಹಳೆಯದು, ಒಳಗಿನ ಮೆಷೀನ್ ನಿನ್ನೆ ಮೊನ್ನೆಯದು! ಮುಚ್ಚಳ ತೆಗೆಯದೆಯೇ ಇದನ್ನು ಹಿಡಿಯಬಹುದಿತ್ತು. ನಾಲ್ಕು ಗಂಟೆಯ ಹತ್ತಿರ ಇರುವ ಕ್ರೌನ್, ಅಂದರೆ ಟೈಮ್ ಸರಿಮಾಡುವ ಗುಂಡಿ, ತಿರುಗಿಸಿ ಬಿಚ್ಚಿ, ಪೂರ್ತಿ ಹೊರಗೆ ಎಳೆಯಿರಿ. 6309 ಆದರೆ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಕ್ರೌನ್ ತಿರುಗಿಸಿ ಕೀ ಕೊಡಲೂ ಬರುವುದಿಲ್ಲ, ಕೈ ಅಲ್ಲಾಡಿದರೆ ಮಾತ್ರ ಕೀ ತುಂಬುತ್ತದೆ. ಮುಳ್ಳು ಟಕ್ಕಂತ ನಿಂತು, ಕೀ ಕೂಡ ಆದರೆ, ಒಳಗೆ ಸೀಕೋದವರದ್ದೇ ಎನ್‌ಎಚ್ 36 ಥರದ ಹೊಸ ಮೆಷೀನ್ ಇರಬಹುದು. ಹೊಸ ಮೆಷೀನ್ ಚೆನ್ನಾಗಿಯೇ ಓಡುತ್ತದೆ, ಅದು ಬೇರೆ ಮಾತು. ಆದರೆ ಹಳೆ ವಾಚಿನ ದುಡ್ಡು ಕೊಡಬೇಡಿ.

ಮುಂದೆ ಹಿಂದಿನ ಮುಚ್ಚಳ ಓದಿ. ಅಲ್ಲಿ 6309-7040 ಅಥವಾ 7049 ಅಂತ ಇರುತ್ತದೆ. ಮೊದಲ ನಾಲ್ಕು ಅಂಕಿ ಮೆಷೀನಿನದು, ಉಳಿದದ್ದು ಕೇಸಿನದು. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಇಂಗ್ಲಿಷಿನ ಓ, ಎನ್, ಡಿ ಅಕ್ಷರ. 32 ಅಂತ ಶುರುವಾದರೆ 1983ರ ಫೆಬ್ರವರಿ. ಈ ಮಾದರಿ 1976ರಿಂದ 1988ರವರೆಗೆ ಬಂದದ್ದು, ಹಾಗಾಗಿ 6, 7, 8 ಅಂತ ಶುರುವಾದರೆ ಎರಡು ದಶಕಕ್ಕೂ ಹೊಂದುತ್ತದೆ. ಡಯಲ್‌ನ ಕೆಳ ಅಂಚಿನಲ್ಲೂ ಇರುವೆಗಾತ್ರದ ಅಕ್ಷರದಲ್ಲಿ ಒಂದು ನಂಬರ್ ಇರುತ್ತದೆ, ಅದೂ 6309 ಅಂತಲೇ ಶುರುವಾಗಬೇಕು. ಭೂತಗನ್ನಡಿ ತಗೊಂಡು ಹೋಗಿ, ನಾಚಿಕೆ ಬೇಡ.

ವಾರದ ಹೆಸರು ಅರಬಿಯಲ್ಲಿ ಬಂದರೆ ಗಾಬರಿಯಾಗಬೇಡಿ. ಗಲ್ಫ್ ಮಾರುಕಟ್ಟೆಗೆ ಇಂಗ್ಲಿಷ್ ಜೊತೆ ಅರಬಿ ಇರುವ ಚಕ್ರ ಹಾಕುತ್ತಿದ್ದರು. ನನಗಂತೂ ಅದು ಕಂಡರೆ ಖುಷಿ, ನಮ್ಮೂರಿನವರ ಬೆವರು ಹತ್ತಿದ ವಾಚ್ ಅನ್ನಿಸುತ್ತದೆ.

ಈಗ ಡಯಲ್. ಹೆಚ್ಚು ಮೋಸ ನಡೆಯುವುದು ಇಲ್ಲೇ. ಹಳೆ ಡಯಲ್‌ಗೆ ಮತ್ತೆ ಬಣ್ಣ ಬಳಿದು, ಅಕ್ಷರ ಒತ್ತಿ ಮಾರುವವರು ನಮ್ಮ ದೇಶದಲ್ಲಿ ತುಂಬಾ ಜನ. ಬೊಂಬಾಯಿ ಕಡೆಯ ಸರಕು ಇದಕ್ಕೇ ಹೆಸರುವಾಸಿ. ಅಕ್ಷರದ ಅಂಚು ಹರಡಿದೆಯಾ, ಗೆರೆ ಓರೆಯಾಗಿದೆಯಾ ನೋಡಿ. ಆಮೇಲೆ ಕತ್ತಲಲ್ಲಿ ಹೊಳೆಯುವ ಬಿಳಿ ಲೇಪನ ನೋಡಿ. ಇಷ್ಟು ವರ್ಷದ್ದು ಕೆನೆ ಬಣ್ಣಕ್ಕೋ ಹಳದಿಗೋ ತಿರುಗಿರುತ್ತದೆ, ಹೊಳಪೂ ಬಹುತೇಕ ಹೋಗಿರುತ್ತದೆ. ಟಾರ್ಚ್ ಹಿಡಿದು ಲೈಟ್ ಆರಿಸಿದಾಗ ಡಯಲ್ ಹಸಿರಾಗಿ ಉರಿದರೆ ಅದು ಇತ್ತೀಚಿನದು. ಡಯಲ್ ಹಳದಿ, ಮುಳ್ಳು ಬೆಳ್ಳಗೆ ಇದ್ದರೆ ಮುಳ್ಳು ಬದಲಾಗಿದೆ. ಮುದುಕರ ಬಾಯಲ್ಲಿ ಹೊಸ ಹಲ್ಲಿನ ಸೆಟ್ ಹಾಗೆ, ದೂರದಿಂದಲೇ ಗೊತ್ತಾಗುತ್ತದೆ. ಎಲ್ಲವೂ ಒಟ್ಟಿಗೆ ಹಳತಾಗಿರಬೇಕು, ಅಷ್ಟೇ ಲೆಕ್ಕ. ಸ್ವಿಸ್ ಡೈವರ್ ಸಿಕ್ಕರೂ ಇದೇ. ಅದರ ಡಯಲ್‌ನಲ್ಲಿ ಟಿ ಅಕ್ಷರ ಇದ್ದರೆ ಟ್ರಿಟಿಯಂ ಎಂಬ ವಿಕಿರಣ ವಸ್ತುವಿನ ಲೇಪನ, ಅದರ ಶಕ್ತಿ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 1970ರ ದಶಕದ್ದು ಇಂದು ಹೊಳೆದರೆ ಅನುಮಾನಪಡಿ.

ಪಾಲಿಶ್ ಮಾಡಿದ ಕೇಸ್ ನನಗೆ ಬೇಡವೇ ಬೇಡ. ಈ ದಿಂಬಿನ ಆಕಾರದ ಕೇಸಿನ ಮೇಲ್ಭಾಗ ಮಂಕು, ಬದಿ ಹೊಳಪು, ನಡುವೆ ಚೂಪಾದ ಗೆರೆ. ಯಂತ್ರಕ್ಕೆ ಹಿಡಿದು ಉಜ್ಜಿದರೆ ಆ ಗೆರೆ ಸೋಪಿನ ತುಂಡಿನ ಹಾಗೆ ಸವೆಯುತ್ತದೆ, ಮತ್ತೆ ಬರುವುದು ಕಷ್ಟ. ಗೀರು ಇರಲಿ ಬಿಡಿ. ಗ್ಲಾಸ್ ಗೀರೂ ಇರಲಿ, ಅದನ್ನು ಬದಲಿಸಬಹುದು.

ಗೀರಿಗಿಂತ ನಮಗೆ ದೊಡ್ಡ ಶತ್ರು ಉಪ್ಪು. ಕಡಲ ಗಾಳಿ, ಬೆವರು, ಜೂನ್‌ನಿಂದ ಬಿಡದ ಮಳೆ. ಮುಚ್ಚಳ ತೆಗೆಸಿಯೇ ನೋಡಿ, ಒಪ್ಪದವನಿಂದ ಕೊಳ್ಳಬೇಡಿ. ರಬ್ಬರ್ ವಾಷರ್ ಕೂರುವ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ತುಕ್ಕಿನ ಗುಳಿಗಳಿದ್ದರೆ ಸುಮ್ನೆ ವಾಪಸ್ ಕೊಡಿ. ಹೊಸ ವಾಷರ್ ಹಾಕಿದರೂ ಅಲ್ಲಿ ನೀರು ನುಗ್ಗುತ್ತದೆ. ಕ್ರೌನಿನ ತಿರುಪು ಸವೆದು ಬಿಗಿಯಾಗದೇ ಇದ್ದರೂ ಹಾಗೆಯೇ. ಇನ್ನೊಂದು ಸುಲಭದ ಉಪಾಯ ಇದೆ. ವಾಚನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದು, ಗ್ಲಾಸಿನ ಮೇಲೆ ಒಂದು ಹನಿ ತಣ್ಣೀರು ಬಿಡಿ. ಒರೆಸಿದ ಮೇಲೂ ಒಳಗೆ ಮಂಜು ಕಂಡರೆ ತೇವ ಹೊಕ್ಕಿದೆ.

ಡಯಲ್ ಮೇಲೆ 150 ಮೀಟರ್ ಅಂತ ಬರೆದಿದೆ ಅಂತ ಬೇಕಲದ ಕಡಲಿಗೆ ಇಳಿಯಬೇಡಿ. ಅದು ಹೊಸದಾಗಿದ್ದಾಗಿನ ಲೆಕ್ಕ. ವಾಷರ್‌ಗಳನ್ನೆಲ್ಲ ಬದಲಿಸಿ, ಒತ್ತಡದ ಪರೀಕ್ಷೆ ಮಾಡುವ ಯಂತ್ರ ಇರುವಲ್ಲಿ ಪಾಸಾದ ಮೇಲೆ ನೋಡೋಣ. ನನ್ನದು ಪಾಸಾಗಿದೆ, ಆದರೂ ಸ್ನಾನಕ್ಕೆ ಹೋಗುವಾಗ ಬಿಚ್ಚಿಡುತ್ತೇನೆ.