ನೋಟಿಸು ಬಂದ ಮೇಲೆ ನಾವು ಮಾಡಿದ್ದು

ಮುಂಬೈ ಘಾಟ್ಕೋಪರಿನ ನಮ್ಮ ಹೋಟೆಲ್ ಜಾಗವನ್ನೇ ಅಡವಿಟ್ಟು ತೆಗೆದ ಸಾಲ. ಮೂರು ತಿಂಗಳು ಕಂತು ತಪ್ಪಿತು, ಖಾತೆ ಬ್ಯಾಂಕಿನ ಲೆಕ್ಕದಲ್ಲಿ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಯಿತು. ಹಿಂದೆಯೇ, ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು: 60 ದಿನದಲ್ಲಿ ಪೂರ್ತಿ ಕಟ್ಟಿ. ‘ಬ್ಯಾಂಕ್ ಮ್ಯಾನೇಜರರ ಕೈಕಾಲು ಹಿಡಿಯುವ’ ಅಂದ ಅಣ್ಣ. ನಾನು ಮಾಟುಂಗಾದ ನಮ್ಮೂರ ವಕೀಲರ ಹತ್ತಿರ ಹೋದೆ.

ಸ್ಟೇಟ್‌ಮೆಂಟಿನ ಮೇಲೆ ಓಡುತ್ತಿದ್ದ ಅವರ ಕೆಂಪು ಪೆನ್ನು ಒಂದು ಕಡೆ ನಿಂತಿತು. ತಡವಾದ ಕಂತಿನ ದಂಡವನ್ನು ಅಸಲಿಗೇ ಸೇರಿಸಿ, ಅದರ ಮೇಲೂ ಬಡ್ಡಿ! 2024ರಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದಲ್ಲಿ ಇದಕ್ಕೆ ಅವಕಾಶವೇ ಇಲ್ಲವಂತೆ. ಅದನ್ನೇ ಬರೆದು ಅದೇ ಸರ್ಫೇಸಿ ಕಾಯ್ದೆಯ 13(3ಎ) ಅಡಿ ಆಕ್ಷೇಪಣೆ ಕೊಟ್ಟೆವು. ಬ್ಯಾಂಕು 15 ದಿನದಲ್ಲಿ ಉತ್ತರಿಸಲೇಬೇಕು. ಬಾಯಿಮಾತು ಲೆಕ್ಕಕ್ಕಿಲ್ಲ, ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೇ ಬಂದೆ.

ದಂಡ ತಿದ್ದಿದರು. ಬಾಕಿಗೆ ಹೊಸ ಕಂತು ಗೊತ್ತಾಯಿತು. ಮೇಲಿನ ಹಾಲ್‌ನ ಬಾಡಿಗೆ ಈಗ ನೇರ ಸಾಲದ ಖಾತೆಗೆ. ಅಣ್ಣ ಮಾತ್ರ ಇದು ತಾನು ಕಳಿಸಿದ ಫಿಲ್ಟರ್ ಕಾಫಿಯ ಮಹಿಮೆ ಅನ್ನುತ್ತಾನೆ.