ಕೆಲಸ ಬಿಡುವ ಮೊದಲು ಕಮಿಷನ್ ಲೆಕ್ಕ ಹಾಕಿ

ಹಣಕಾಸು ಸಲಹೆಯ ಕೆಲಸಕ್ಕೆ ಬರುವವರು ಮೊದಲು ತೀರ್ಮಾನಿಸಬೇಕಾದ್ದು, ನಮ್ಮ ದುಡಿಮೆಗೆ ದುಡ್ಡು ಯಾರು ಕೊಡುತ್ತಾರೆ ಎಂಬುದು. ಮ್ಯೂಚುವಲ್ ಫಂಡ್ ಕಂಪನಿ ಕಮಿಷನ್ ಕೊಟ್ಟರೆ ನೀವು ವಿತರಕರು. ಗ್ರಾಹಕರೇ ಶುಲ್ಕ ಕೊಟ್ಟರೆ ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರು. ಬರೀ ವಿತರಕರಾಗಿದ್ದು ಬೋರ್ಡಿನ ಮೇಲೆ ‘ಸಲಹೆಗಾರ’ ಎಂದು ಬರೆಸುವಂತಿಲ್ಲ.

ನಾನು ತುಮಕೂರಿನಲ್ಲಿ ನೌಕರಿ ಮಾಡುತ್ತಲೇ ವಿತರಕನ ದಾರಿ ಹಿಡಿದೆ. ಸೆಬಿಯ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂನ ಸೀರೀಸ್ 5-ಎ ಪರೀಕ್ಷೆಯಲ್ಲಿ 100 ಪ್ರಶ್ನೆ, 2 ಗಂಟೆ, ಪಾಸಾಗಲು 50 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಅವರದೇ ವರ್ಕ್‌ಬುಕ್ ಎರಡು ಸಲ ಓದಿದರೆ ಸಾಕು, ಕೋಚಿಂಗ್ ಬೇಡ. ನೋಂದಣಿಯಲ್ಲಿ ಹೆಸರು ಪ್ಯಾನ್‌ನಲ್ಲಿರುವಂತೆಯೇ ಇರಲಿ. ನಮ್ಮ ಕಡೆ ಒಂದು ದಾಖಲೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇರುತ್ತದೆ; ಮುಂದೆ ಗ್ರಾಹಕರ ಕೆವೈಸಿ ನಿಲ್ಲುವುದೂ ಇಲ್ಲೇ. ಪಾಸಾದ ಮೇಲೆ ಫಂಡ್ ಕಂಪನಿಗಳ ಒಕ್ಕೂಟ ಆಂಫಿಯಿಂದ ವಿತರಕರ ನೋಂದಣಿ ಸಂಖ್ಯೆ ಎಆರ್‌ಎನ್ ಪಡೆದು, ಒಂದೊಂದು ಫಂಡ್ ಕಂಪನಿಯಲ್ಲೂ ಬೇರೆ ಬೇರೆಯಾಗಿ ಎಂಪ್ಯಾನಲ್ ಆಗಬೇಕು, ಅಂದರೆ ಅವರ ವಿತರಕರ ಪಟ್ಟಿಗೆ ಸೇರಬೇಕು. ಪ್ರಮಾಣಪತ್ರಕ್ಕೆ 3 ವರ್ಷದ ಆಯಸ್ಸು.

ಸಲಹೆಗಾರರಾಗಲು ಅದೇ ಸಂಸ್ಥೆಯ ಸೀರೀಸ್ 10-ಎ, 10-ಬಿ ಪರೀಕ್ಷೆ ಎರಡೂ ಪಾಸಾಗಬೇಕು. ಶೇ 60 ಅಂಕ ಬೇಕು, ತಪ್ಪಿಗೆ ಅಂಕ ಕಡಿತವೂ ಉಂಟು. ಅಲ್ಲಿ ಊಹೆಯ ಉತ್ತರ ಕೈ ಕೊಡುತ್ತದೆ.

ಈಗ ಆದಾಯ. 2018ರಿಂದ ಸಾಮಾನ್ಯವಾಗಿ ಮುಂಗಡ ಕಮಿಷನ್ ಇಲ್ಲ, ಟ್ರೇಲ್ ಮಾತ್ರ, ಅಂದರೆ ಹೂಡಿಕೆ ಉಳಿದಿರುವಷ್ಟು ಕಾಲ ಅದರ ಮೌಲ್ಯದ ಮೇಲೆ ಸಿಗುವ ಕಮಿಷನ್. ಅದು ವರ್ಷಕ್ಕೆ ಶೇ 0.8 ಎಂದಿಟ್ಟುಕೊಳ್ಳಿ. ಒಬ್ಬರು ತಿಂಗಳಿಗೆ 5,000 ರೂ. ಎಸ್‌ಐಪಿ ಹಾಕಿದರೆ ಮೊದಲ ವರ್ಷ ಖಾತೆಯಲ್ಲಿ ಸರಾಸರಿ ಇರುವುದು 32,500 ರೂ. ನಿಮಗೆ ಸಿಗುವುದು ಸುಮಾರು 260 ರೂ. ಇಂಥ 100 ಜನ ಮೊದಲ ತಿಂಗಳಲ್ಲೇ ಸೇರಿದರೂ ವರ್ಷಕ್ಕೆ 26,000! ಕನಿಷ್ಠ ಎರಡು ವರ್ಷದ ಮನೆಖರ್ಚು ಎತ್ತಿಡದೆ ಸಂಬಳ ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಪುಸ್ತಕ ಕಲಿಸದ ವಿಷಯ ಇನ್ನೊಂದಿದೆ. ತಿಪಟೂರು ಕಡೆಯ ತೆಂಗಿನ ತೋಟದವರಿಗೆ ತಿಂಗಳ ಸಂಬಳವಿಲ್ಲ. ಉಂಡೆ ಕೊಬ್ಬರಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ, ಸುಲಿದು ಮಾರಿದಾಗಲಷ್ಟೇ ಕೈಗೆ ದುಡ್ಡು. ಅವರಿಗೆ 5ನೇ ತಾರೀಖಿನ ಎಸ್‌ಐಪಿ ಹಾಕಿಸಿದರೆ ಖಾತೆ ಖಾಲಿಯಿರುವ ತಿಂಗಳಲ್ಲಿ ಮ್ಯಾಂಡೇಟ್ (ಹಣ ಕಡಿತಕ್ಕೆ ಬ್ಯಾಂಕಿಗೆ ಕೊಟ್ಟ ಅನುಮತಿ) ಬೌನ್ಸ್ ಆಗುತ್ತದೆ, ಬ್ಯಾಂಕು ದಂಡ ಹಿಡಿಯುತ್ತದೆ, ನಂಬಿಕೆಯೂ ಹೋಗುತ್ತದೆ. ನಾನು ಮಾರಾಟದ ಹಣವನ್ನು ಒಟ್ಟಿಗೆ, ಬೇಕಾದಾಗ ಬೇಗ ತೆಗೆಯಬಹುದಾದ ಲಿಕ್ವಿಡ್ ಫಂಡ್‌ಗೆ ಹಾಕಿಸಿ, ಅಲ್ಲಿಂದ ತಿಂಗಳು ತಿಂಗಳು ಒಂದಿಷ್ಟು, ಕಂತಿನ ವರ್ಗಾವಣೆ ಅಂದರೆ ಎಸ್‌ಟಿಪಿ ಮೂಲಕ ಈಕ್ವಿಟಿ (ಷೇರು) ಫಂಡಿಗೆ ಹೋಗುವಂತೆ ಮಾಡುತ್ತೇನೆ. ಗೊಬ್ಬರ, ಕೂಲಿ, ಮಕ್ಕಳ ಫೀಸಿಗೆ ಬೇಕಾದ್ದನ್ನು ಮೊದಲೇ ಬ್ಯಾಂಕಿನಲ್ಲೇ ಇಡಿಸಿರುತ್ತೇನೆ.