ಕಲಬುರಗಿಯಿಂದ ತುಳಜಾಪುರಕ್ಕೆ, ಹಿಂದೆ ಟ್ರೇಲರ್ ಕಟ್ಟಿಕೊಂಡು

ಆಳಂದ, ಖಜೂರಿ ದಾಟಿದರೆ ಮಹಾರಾಷ್ಟ್ರ. ಉಮರ್ಗಾ, ನಳದುರ್ಗ, ಆಮೇಲೆ ತುಳಜಾಪುರ. ಒಳಗೆ ಮಲಗಲು ಜಾಗವಿರುವ ಟ್ರೇಲರನ್ನು ಜೀಪಿಗೆ ಕಟ್ಟಿಕೊಂಡು ಹೊರಡುವವರು ಮೊದಲು ಕೇಳುವುದು ಗಡಿ ನಾಕಾದ ಬಗ್ಗೆ. ನನ್ನ ಪ್ರಕಾರ ಅದು ಚಿಲ್ಲರೆ ಮಾತು. ಟ್ರೇಲರಿನ ಮೂತಿಯ ಭಾರ, ಅಂದರೆ ಅದರ ಮುಂದಿನ ತುದಿ ಜೀಪಿನ ಹುಕ್ಕಿನ ಮೇಲೆ ಹೇರುವ ತೂಕ, ಸರಿಯಿದೆಯೇ ಅನ್ನುವುದು ಮುಖ್ಯ.

ಕಾಗದದ ವಿಷಯ ಇಷ್ಟೇ: ಕಾನೂನಿನ ಪ್ರಕಾರ ಟ್ರೇಲರೂ ಮೋಟಾರು ವಾಹನ. ಅದಕ್ಕೆ ತನ್ನದೇ ಆರ್‌ಸಿ, ನಂಬರ್, ವಿಮೆ ಬೇಕು. ಬಿಳಿ ಬೋರ್ಡಿನ ಸ್ವಂತ ಗಾಡಿ ಹೊರರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಮಾತ್ರ ಮರುನೋಂದಣಿಯ ಪ್ರಶ್ನೆ. ಓಡುವಾಗ ಒಳಗೆ ಯಾರೂ ಕೂಡಬಾರದು, ಮಕ್ಕಳು ಎಷ್ಟೇ ಹಟ ಮಾಡಲಿ.

ಸಾಮಾನು ತುಂಬಿದ ಮೇಲೆ ಗಂಜಿನ (ಧಾನ್ಯದ ಮಾರುಕಟ್ಟೆಯ) ಗಾಡಿ ತೂಗುವ ಕಾಂಟಾದಲ್ಲಿ ಟ್ರೇಲರನ್ನಷ್ಟೇ ತೂಗಿಸುತ್ತೇನೆ. 700 ಕೆ.ಜಿ. ಬಂದರೆ ಹುಕ್ಕಿನ ಮೇಲೆ 70ರಿಂದ 80 ಕೆ.ಜಿ. ಬೀಳಬೇಕು. ಇದನ್ನು ಅಳೆಯಲು ಮನೆಯಲ್ಲಿ ನಿಂತು ತೂಕ ನೋಡುವ ಮಷೀನ್ ಸಾಕು: ಸಮ ನೆಲ, ಚಕ್ರಕ್ಕೆ ಅಡ್ಡಗಲ್ಲು, ಮಷೀನಿನ ಮೇಲೆ ಮರದ ತುಂಡು, ಅದರ ಮೇಲೆ ಮೂತಿ. ತೂಗುವಾಗ ಮೂತಿ ಹುಕ್ಕಿನ ಎತ್ತರದಲ್ಲೇ ಇರಬೇಕು. ಭಾರ ಕಡಿಮೆಯಾದರೆ ಲಾರಿ ಪಕ್ಕದಲ್ಲಿ ಹಾದಾಗ ಅದರ ಗಾಳಿಗೇ ಟ್ರೇಲರ್ ಬಾಲ ಆಡಿಸಲು ಶುರುಮಾಡುತ್ತದೆ. ಹೆಚ್ಚಾದರೆ ಜೀಪಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನೀರಿನ ಟ್ಯಾಂಕ್ ಆಕ್ಸಲ್ ಮೇಲೆ ಇರಲಿ. 60 ಲೀಟರ್ ಅಂದರೆ 60 ಕೆ.ಜಿ.; ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ಇದ್ದರೆ ತಿರುವಿನಲ್ಲಿ ನೀರು ಎಳೆದಾಡುತ್ತದೆ.

ಬಾಲ ಆಡತೊಡಗಿದರೆ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ತಿದ್ದಲು ಹೋಗಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗ್ ನೆಟ್ಟಗೆ ಹಿಡಿಯಿರಿ, ವೇಗ ಇಳಿದಂತೆ ನಿಲ್ಲುತ್ತದೆ. ಆಮೇಲೆ ಬದಿಗೆ ನಿಂತು ಸಾಮಾನನ್ನು ಮುಂದಕ್ಕೆ ಸರಿಸಿ.

ಜೀಪಿನ ಹುಕ್ಕಿನ 50 ಮಿ.ಮೀ. ಗುಂಡಿನ ಮೇಲೆ ಕಪ್ಲರ್ (ಟ್ರೇಲರ್ ಮೂತಿಯ ಹಿಡಿಕೆ) ಕೂಡಿಸಿ ಲಾಕ್ ಹಾಕಿದ ಮೇಲೆ ಮೂತಿಯ ಜ್ಯಾಕನ್ನು ತುಸು ಏರಿಸಿ ನೋಡಿ. ಜೀಪಿನ ಹಿಂಭಾಗವೂ ಜೊತೆಗೆ ಎದ್ದರೆ ಲಾಕ್ ಕೂತಿದೆ. ಸರಪಳಿ ಎರಡನ್ನೂ ಕಪ್ಲರ್ ಕೆಳಗೆ ಅಡ್ಡಡ್ಡ ದಾಟಿಸಿ. ಕಪ್ಲರ್ ಕಳಚಿದರೂ ಮೂತಿ ಸರಪಳಿಯ ಮೇಲೆ ಕೂಡುತ್ತದೆ, ಡಾಂಬರಿಗೆ ಚುಚ್ಚುವುದಿಲ್ಲ.

ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ವೈರಿಂಗ್. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂಕಾಗಿ ಉರಿದರೆ ಬಲ್ಬ್ ಬದಲಿಸುತ್ತಾ ಕೂಡಬೇಡಿ, ಅದು ಅರ್ಥಿಂಗ್ ದೋಷ. ವೈರಿನ ಪ್ಲಗ್ಗಿನ ಪಿನ್ನನ್ನು, ಅರ್ಥಿಂಗ್ ವೈರ್ ಕಟ್ಟಿದ ಚಾಸಿಯ ಬೋಲ್ಟನ್ನು ಉಜ್ಜುಕಾಗದದಿಂದ ತಿಕ್ಕಿ ಬಿಗಿಯಿರಿ. ಕಬ್ಬಿನ ಸೀಸನ್‌ನಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್‌ಗಳು ಓಡಾಡುವ ರಸ್ತೆ ಇದು, ನಮ್ಮ ದೀಪವಾದರೂ ಸರಿ ಇರಲಿ.

ಕಡಗಂಚಿ ದಾಟಿ ನಿಂತು ಟ್ರೇಲರಿನ ಎರಡೂ ಹಬ್ (ಚಕ್ರದ ನಡುಭಾಗ) ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ನಟ್ ಅತಿಯಾಗಿ ಬಿಗಿದಿದೆ, ಗ್ರೀಸ್ ಒಣಗಿದೆ, ಇಲ್ಲವೇ ಬ್ರೇಕ್ ಹಿಡಿದಿದೆ. ಬೇರಿಂಗ್ ಸೆಟ್, ಸೀಲ್, ಸ್ಪ್ಲಿಟ್ ಪಿನ್, ಗ್ರೀಸ್ ಡಬ್ಬಿ ಜೊತೆಗಿರಲಿ. ಟ್ರೇಲರ್ ಕಟ್ಟಿಸುವಾಗಲೇ ಮಿಸ್ತ್ರಿಗೆ ಹೇಳಿ ಜೀಪಿನ ಅಳತೆಯದೇ ಚಕ್ರ ಹಾಕಿಸಿದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಟೈರ್ ಗಾಳಿಯನ್ನು ಬೆಳಗಿನ ತಂಪಿನಲ್ಲೇ ನೋಡಿ. ಮೇ ತಿಂಗಳ ಮಧ್ಯಾಹ್ನ ಒತ್ತಡ ಏರಿತೆಂದು ಗಾಳಿ ಬಿಡಬಾರದು.

ತುಳಜಾಪುರದಿಂದ ಸೋಲಾಪುರದ ಕಡೆ ಘಾಟ್ ಇಳಿಯುವುದಾದರೆ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಹಿಂದಕ್ಕೆ ತೆಗೆಯುವಾಗ ಕೈಯನ್ನು ಸ್ಟೇರಿಂಗಿನ ಕೆಳಭಾಗದಲ್ಲಿಡಿ. ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ.

ರಾತ್ರಿ ಎರೆ ಹೊಲದ ಅಂಚಿನಲ್ಲಿ ನಿಲ್ಲಿಸಬೇಡಿ. ಒಂದು ಮಳೆ ಬಿದ್ದರೆ ಚಕ್ರ ಹೂತು ಬೆಳಿಗ್ಗೆ ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ. ಮೊರಂ ಹಾಕಿದ ದಾಬಾ ಅಂಗಳ ವಾಸಿ. ಬಿಚ್ಚುವಾಗ ಮೊದಲು ಚಕ್ರಕ್ಕೆ ಅಡ್ಡಗಲ್ಲು, ಆಮೇಲೆ ಮೂತಿಯ ಜ್ಯಾಕ್, ವೈರ್, ಲಾಕ್. ಸರಪಳಿ ಕೊನೆಗೆ.